ಮೇವಿನ ದಂಟು ಬಲಿಯುವುದೇಕೆ?

(ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಬೆಳಿಗ್ಗೆ ಕೊಟ್ಟಿಗೆ ಗುಡಿಸುವಾಗ ಗೋದಲಿಯಲ್ಲಿ ಏನು ಉಳಿದಿರುತ್ತದೆ? ಎಲೆ ಉಳಿಯುವುದಿಲ್ಲ, ಸುಳಿ ಉಳಿಯುವುದಿಲ್ಲ. ಉಳಿಯುವುದು ಬುಡದ ಕಡೆಯ ದಪ್ಪ ದಂಟು. ಅದಕ್ಕೂ ನೀವು ಗೊಬ್ಬರ ಹಾಕಿದ್ದೀರಿ, ನೀರು ಕಟ್ಟಿದ್ದೀರಿ, ತಲೆಯ ಮೇಲೆ ಹೊತ್ತು ತಂದಿದ್ದೀರಿ. ಅದು ತಿಪ್ಪೆ ಸೇರಿದರೆ ಆ ಕೊರತೆಯನ್ನು ಹಿಂಡಿ ಕೊಂಡು ತುಂಬಬೇಕು. ದಂಟು ಏಕೆ ಬಲಿಯುತ್ತದೆ ಎಂದು ತಿಳಿದರೆ ಈ ನಷ್ಟವನ್ನು ಬಹುಮಟ್ಟಿಗೆ ತಡೆಯಬಹುದು.

ಗಿಡದ ಒಳಗೆ ಎರಡು ಬಗೆಯ ನಾಳಗಳಿವೆ. ಬೇರಿನಿಂದ ನೀರು, ಲವಣಗಳನ್ನು ಮೇಲೆ ಒಯ್ಯುವುದು ಕ್ಸೈಲಂ. ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಬೇರು, ಸುಳಿ, ತೆನೆಗಳಿಗೆ ಹಂಚುವುದು ಫ್ಲೋಯಂ. ಇವೆರಡೂ ಜೊತೆಯಾಗಿ ಕಟ್ಟುಕಟ್ಟಾಗಿ ಇರುತ್ತವೆ. ಮುಸುಕಿನ ಜೋಳದ ದಂಟನ್ನು ಅಡ್ಡಲಾಗಿ ಕೊಯ್ದರೆ ಚುಕ್ಕೆ ಚುಕ್ಕೆಯಾಗಿ ಕಾಣುವುದು ಈ ಕಟ್ಟುಗಳೇ. ಕಬ್ಬು ಜಗಿದು ರಸ ನುಂಗಿದ ಮೇಲೆ ಬಾಯಲ್ಲಿ ಉಳಿಯುವ ನಾರೂ ಬಹುಪಾಲು ಇವೇ.

ಸುಳಿಯ ತುದಿಯಲ್ಲಿ ಜೀವಕೋಶಗಳು ಸದಾ ಒಡೆದು ಹೆಚ್ಚುತ್ತಿರುತ್ತವೆ. ಆಗ ಅವೆಲ್ಲ ಮೃದುವಾಗಿರುತ್ತವೆ. ಎಳೆಯ ಎಲೆಯಲ್ಲಿ ಆಕ್ಸಿನ್ ಎಂಬ ಚೋದಕ ತಯಾರಾಗಿ ಕೆಳಕ್ಕೆ ಹರಿಯುತ್ತದೆ. ಹೊಲದಲ್ಲಿ ಮಳೆಯ ನೀರು ಹರಿದ ಜಾಡಿನಲ್ಲೇ ಮತ್ತೆ ಮತ್ತೆ ಹರಿದು ಕಾಲುವೆಯಾಗುವಂತೆ, ಆಕ್ಸಿನ್ ಹೆಚ್ಚು ಹರಿದ ಜಾಡಿನ ಕೋಶಗಳು ಉದ್ದವಾಗಿ ನಾಳಗಳಾಗುತ್ತವೆ. ದಂಟಿನಲ್ಲಿ ಹೊರಮಗ್ಗುಲಿನವು ಫ್ಲೋಯಂ, ಒಳಮಗ್ಗುಲಿನವು ಕ್ಸೈಲಂ.

ಫ್ಲೋಯಂ ಕೋಶ ಜೀವಂತವಾಗಿದ್ದೇ ಕೆಲಸ ಮಾಡುತ್ತದೆ. ಕ್ಸೈಲಂ ಹಾಗಲ್ಲ. ಮೊದಲು ಬರುವ ಕ್ಸೈಲಂ ಕೋಶಗಳು ಬಳೆಯಂತೆ, ಸುರುಳಿಯಂತೆ ಅಲ್ಲಲ್ಲಿ ಮಾತ್ರ ಗೋಡೆ ದಪ್ಪ ಮಾಡಿಕೊಳ್ಳುತ್ತವೆ. ಆದ್ದರಿಂದ ದಂಟು ಬೆಳೆದಂತೆ ಅವೂ ಹಿಗ್ಗಬಲ್ಲವು. ದಂಟು ಉದ್ದವಾಗುವುದು ನಿಂತ ಮೇಲೆ ಬಲಿಯುವ ಕೋಶಗಳು ಗೋಡೆಯನ್ನೆಲ್ಲ ದಪ್ಪ ಮಾಡಿ, ಅದರಲ್ಲಿ ಲಿಗ್ನಿನ್ ಎಂಬ ಗಟ್ಟಿ ವಸ್ತುವನ್ನು ತುಂಬಿಕೊಳ್ಳುತ್ತವೆ. ಬಳಿಕ ಕೋಶ ತಾನಾಗಿಯೇ ಸಾಯುತ್ತದೆ. ಒಳಗಿನದೆಲ್ಲ ಕರಗಿ ಟೊಳ್ಳು ಕೊಳವೆ ಉಳಿಯುತ್ತದೆ. ನೀರು ಏರುವುದು ಈ ಸತ್ತ ಕೊಳವೆಯಲ್ಲಿ. ಲಿಗ್ನಿನ್ ಇಲ್ಲದಿದ್ದರೆ ಎಲೆಗಳು ನೀರೆಳೆಯುವ ಜೋರಿಗೆ ಕೊಳವೆ ಕುಸಿದೀತು, ಗಾಳಿಗೆ ಬೆಳೆ ಮಲಗೀತು. ಮಲೆನಾಡಿನ ಕಳಲೆ ಎಳೆಯದಿದ್ದಾಗ ಪಲ್ಯಕ್ಕೆ ಬರುತ್ತದೆ. ಬಲಿತರೆ ಏಣಿಗೆ ಬರುವ ಬಿದಿರು. ಬಿದಿರೂ ಹುಲ್ಲಿನ ಜಾತಿಯದೇ.

ಗಿಡಕ್ಕೆ ಆಸರೆಯಾದ ಈ ಲಿಗ್ನಿನ್ ಹಸುವಿಗೆ ಅಡ್ಡಿ. ಹಸುವಿನ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ನಾರಿನ ಸೆಲ್ಯುಲೋಸನ್ನು ಒಡೆದು ಆಮ್ಲಗಳನ್ನಾಗಿ ಮಾಡುತ್ತವೆ. ಹಾಲಿನ ಜಿಡ್ಡಿಗೆ ಬೇಕಾದ ಅಸಿಟಿಕ್ ಆಮ್ಲ ಹೆಚ್ಚಾಗಿ ಬರುವುದು ಇಲ್ಲಿಂದಲೇ. ಹಾಗಾಗಿ ನಾರು ಬೇಕೇ ಬೇಕು. ಆದರೆ ಗಾಳಿಯಿಲ್ಲದ ಆ ಹೊಟ್ಟೆಯಲ್ಲಿ ಲಿಗ್ನಿನ್ ಒಡೆಯಲು ಅವುಗಳಿಗೆ ಸಾಧ್ಯವಿಲ್ಲ. ಲಿಗ್ನಿನ್ ತಾನೂ ಜೀರ್ಣವಾಗದು, ತನ್ನೊಡನೆ ಬೆಸೆದುಕೊಂಡ ಸೆಲ್ಯುಲೋಸನ್ನೂ ಬಿಟ್ಟುಕೊಡದು. 1924ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಎಲೆಯ ನಡುನರ ಕಂದಾಗಿರುವ ಮುಸುಕಿನ ಜೋಳ ಕಂಡುಬಂತು. ಅದರಲ್ಲಿ ಲಿಗ್ನಿನ್ ಕಡಿಮೆ, ಜೀರ್ಣವಾಗುವುದು ಹೆಚ್ಚು. ಆದರೆ ಅಂಥ ಬೆಳೆ ಗಾಳಿಗೆ ಬೇಗ ಬೀಳುವುದುಂಟು.

ಹುಲ್ಲಿನ ಜಾತಿಯಲ್ಲಿ ಬುಡದ ಗೆಣ್ಣುಗಳೇ ಹಳೆಯವು. ಅವೇ ಮೊದಲು ಬಲಿಯುತ್ತವೆ. ಕುದುರೆ ಮಸಾಲೆ, ಅಗಸೆಗಳಲ್ಲಿ ಕೇಂಬಿಯಂ ಎಂಬ ಪದರವಿದ್ದು, ವಯಸ್ಸಾದಂತೆ ಹೊಸ ಹೊಸ ಕ್ಸೈಲಂ ಸೇರಿಸಿ ಕಾಂಡವನ್ನು ಕಟ್ಟಿಗೆ ಮಾಡುತ್ತದೆ. ಎಲೆ ಮಾತ್ರ ಮೆತ್ತಗೇ ಇರುತ್ತದೆ. ಆದ್ದರಿಂದ ಕಟಾವಿನ ಸಮಯ ಹೀಗಿರಲಿ:

1. ಹೈಬ್ರಿಡ್ ನೇಪಿಯರ್: ನೆಟ್ಟ 70-75 ದಿನಕ್ಕೆ ಮೊದಲ ಕಟಾವು, ಬಳಿಕ 40-45 ದಿನಕ್ಕೊಮ್ಮೆ.

2. ಮುಸುಕಿನ ಜೋಳ: ಅರ್ಧದಷ್ಟು ಗಿಡ ಹೂ ಬಿಟ್ಟಾಗಿನಿಂದ ಕಾಳು ಹಾಲು ತುಂಬುವವರೆಗೆ.

3. ಜೋಳ: ಹೂ ಬಿಟ್ಟ ಮೇಲೆ. ಎಳೆಯ ಜೋಳ, ನೀರಿಲ್ಲದೆ ಬಾಡಿದ ಜೋಳದಲ್ಲಿ ಸೈನೈಡ್ ವಿಷವಿರುತ್ತದೆ; ರಾಸುಗಳನ್ನು ಅತ್ತ ಬಿಡಬೇಡಿ.

4. ಕುದುರೆ ಮಸಾಲೆ: ಹತ್ತರಲ್ಲಿ ಒಂದು ಪಾಲು ಹೂ ಕಂಡಾಗ.

ತೀರಾ ಎಳೆಯದನ್ನು ಕೊಯ್ಯುವುದೂ ತಪ್ಪು. ಅದರಲ್ಲಿ ನೀರೇ ಹೆಚ್ಚು. ನಾರು ಸಾಲದೆ ಜಿಡ್ಡು ಇಳಿಯುತ್ತದೆ, ಬುಡವೂ ಸೊರಗುತ್ತದೆ. ಮೇವನ್ನು ಕತ್ತರಿಸಿ ಹಾಕಿದರೆ ಪೋಲು ತಗ್ಗುತ್ತದೆ, ಆದರೆ ಬಲಿತ ದಂಟು ಅದರಿಂದ ಎಳೆಯದಾಗದು.

ಬತ್ತದ ಹುಲ್ಲಂತೂ ಪೂರ್ತಿ ಬಲಿತದ್ದೇ. ಅದಕ್ಕೆ ಯೂರಿಯಾ ಉಪಚಾರವಿದೆ. 100 ಕೆ.ಜಿ. ಹುಲ್ಲಿಗೆ 4 ಕೆ.ಜಿ. ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ ತುಳಿದು, ಗಾಳಿಯಾಡದಂತೆ 21 ದಿನ ಮುಚ್ಚಿಡಿ. ಹುಟ್ಟುವ ಅಮೋನಿಯಾ ಲಿಗ್ನಿನ್ನಿನ ಬಿಗಿಯನ್ನು ಸಡಿಲಿಸುತ್ತದೆ. ತಿನ್ನಿಸುವ ಮುನ್ನ ಹರಡಿ ವಾಸನೆ ಹೋಗಲು ಬಿಡಿ. 6 ತಿಂಗಳೊಳಗಿನ ಕರುಗಳಿಗೆ ಕೊಡಬೇಡಿ. ಯೂರಿಯಾ ನೀರಿಗೆ ರಾಸು ಬಾಯಿ ಹಾಕಿದರೆ ಜೀವಕ್ಕೇ ಅಪಾಯ.

ಒಂದೆರಡು ಹಸು ಇರುವವರ ಕಷ್ಟ ನನಗೆ ಗೊತ್ತು. ದಿನಕ್ಕೆ ಒಂದೊಂದು ಹೊರೆ ಕೊಯ್ಯುತ್ತ ಹೋದರೆ ತಾಕಿನ ಕೊನೆ ಮುಟ್ಟುವಷ್ಟರಲ್ಲಿ ಅಲ್ಲಿಯ ಹುಲ್ಲು ಬಲಿತಿರುತ್ತದೆ. ಅದಕ್ಕೆ ತಾಕನ್ನು ಪಟ್ಟಿಗಳಾಗಿ ಹಂಚಿ, ವಾರಕ್ಕೊಂದು ಪಟ್ಟಿಯಂತೆ ಆರು ವಾರ ನೆಡಿ. ಏಳನೆಯ ವಾರ ಮೊದಲ ಪಟ್ಟಿಗೆ ಮರಳುವಂತೆ ಕಟಾವು ಸಾಗಿದರೆ ಪ್ರತಿ ಪಟ್ಟಿಗೂ 42 ದಿನ ಸಿಗುತ್ತದೆ. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಬರುವ ಮಳೆಗಾಲಕ್ಕೆ ಒಂದು ತಾಕಿನಲ್ಲಾದರೂ ಮಾಡಿ ನೋಡಿ ಎಂದು ಕೋರಿ ನನ್ನ ಮಾತು ಮುಗಿಸುತ್ತೇನೆ.