ಸಂಕಪ್ಪಯ್ಯನ ದಯೆ

ಶಿವರಾಮ ಕಾರಂತರ ‘ಚೋಮನ ದುಡಿ’ ಪ್ರಕಟವಾದದ್ದು 1933ರಲ್ಲಿ. ತೊಂಬತ್ತು ವರ್ಷ ದಾಟಿದ ಈ ಪುಟ್ಟ ಕಾದಂಬರಿಯನ್ನು ನಾವು ಚೋಮನ ಗೋಳಿನ ಕತೆಯೆಂದೇ ಓದುತ್ತ ಬಂದಿದ್ದೇವೆ. ಓದಿ ಮರುಗುತ್ತೇವೆ. ಆ ಮರುಕ ಸಾಕೇ ಎಂಬುದು ಇಂದಿನ ನನ್ನ ಪ್ರಶ್ನೆ. ಸಾಲದು ಎಂಬ ಉತ್ತರ ಕಾದಂಬರಿಯೊಳಗೇ ಇದೆ. ಅದಕ್ಕೆ ಸಾಕ್ಷಿ ಚೋಮನ ಧಣಿ ಸಂಕಪ್ಪಯ್ಯ.

ಚೋಮ ಅಸ್ಪೃಶ್ಯ ಜಾತಿಯ ಮೂಲದಾಳು, ಎಂದರೆ ಧಣಿಯ ಮನೆಗೆ ಕಟ್ಟುಬಿದ್ದ ಆಳು. ಕೊಟ್ಟಿಗೆಯಲ್ಲಿ ಸ್ವಂತದ ಜೋಡಿ ಎತ್ತುಗಳಿವೆ, ತೋಳಿನಲ್ಲಿ ಕಸುವಿದೆ, ಉಳಲು ತುಂಡು ಗದ್ದೆಯಿಲ್ಲ. ಬೇಸಾಯಗಾರನಾಗಬೇಕೆಂಬ ಆಸೆಯೇ ಅವನ ಜಾತಿಗೆ ನಿಷಿದ್ಧ. ಸಂಕಪ್ಪಯ್ಯನನ್ನು ಕಾರಂತರು ಕ್ರೂರಿಯಾಗಿ ಚಿತ್ರಿಸಿದ್ದರೆ ನಮ್ಮ ಕೆಲಸ ಸಲೀಸಾಗುತ್ತಿತ್ತು. ಅವನಿಗೆ ಶಾಪ ಹಾಕಿ ಪುಸ್ತಕ ಮುಚ್ಚಿಡಬಹುದಿತ್ತು. ಆದರೆ ಈ ಧಣಿಗೆ ಆಳಿನ ಆಸೆ ಅರ್ಥವಾಗುತ್ತದೆ, ಗದ್ದೆ ಕೊಡುವ ಮನಸ್ಸೂ ಆಗುತ್ತದೆ. ತಾಯಿ ಅಡ್ಡ ಬರುತ್ತಾಳೆ, ಹಿಂದಿನಿಂದ ಬಂದ ಕಟ್ಟಳೆ ಮೀರಬಾರದೆನ್ನುತ್ತಾಳೆ. ಮಗ ಸುಮ್ಮನಾಗುತ್ತಾನೆ. ಚೋಮನ ಬದುಕು ಮುರಿದುಬಿದ್ದದ್ದು ಈ ಸುಮ್ಮನಾಗುವಿಕೆಯಲ್ಲಿ. ಅಂಗಳದಲ್ಲಿ ನಿಂತವನಿಗೆ ಒಂದು ಸೇರು ಅಕ್ಕಿ ಹೆಚ್ಚು ಅಳೆಯಲು ಯಾವ ಕಟ್ಟಳೆಯೂ ಅಡ್ಡಿಮಾಡುವುದಿಲ್ಲ. ಅವನು ಅಂಗಳ ಬಿಟ್ಟು ತನ್ನ ಕಾಲ ಮೇಲೆ ನಿಲ್ಲಲು ಹೊರಟಾಗ ಮಾತ್ರ ಅದು ಎದ್ದು ನಿಲ್ಲುತ್ತದೆ. ಪೂರ್ವಗ್ರಹವು ದಯೆಯ ಜೊತೆ ಒಂದೇ ಮನೆಯಲ್ಲಿ ನೆಮ್ಮದಿಯಾಗಿ ಬಾಳಬಲ್ಲದು ಎಂಬುದನ್ನು ಕನ್ನಡದಲ್ಲಿ ಇಷ್ಟು ಸ್ಪಷ್ಟವಾಗಿ ತೋರಿಸಿದ ಕೃತಿಗಳು ಕಡಿಮೆ.

ಇದೇ ಮಾತಿಗೆ ಇನ್ನೂ ಕಠೋರ ಪುರಾವೆ ನೀಲನ ಸಾವು. ಚೋಮನ ಮಗ ನೀರಿಗೆ ಬಿದ್ದು ಮುಳುಗುತ್ತಿದ್ದಾನೆ. ದಡದಲ್ಲಿ ಜನರಿದ್ದಾರೆ, ಈಜು ಬಲ್ಲವರೂ ಇದ್ದಾರೆ. ಒಬ್ಬ ಬ್ರಾಹ್ಮಣ ಯುವಕ ಕಾಪಾಡಲು ಮುಂದಾಗುತ್ತಾನೆ. ಮುಟ್ಟಬಾರದವನೆಂದು ಉಳಿದವರು ತಡೆಯುತ್ತಾರೆ. ಆ ಯುವಕನ ಕರುಳು ಚುರುಕ್ಕೆಂದದ್ದು ಸುಳ್ಳಲ್ಲ. ಹುಡುಗ ಸತ್ತದ್ದೂ ಸುಳ್ಳಲ್ಲ.

ಕಾರಂತರು ಬ್ರಾಹ್ಮಣರು, ಹೊರಗೆ ನಿಂತು ಕಂಡ ಚೋಮ ಅವರದು ಎಂಬ ಆಕ್ಷೇಪವಿದೆ. ಅದನ್ನು ತಳ್ಳಿಹಾಕಲಾಗದು. ಚೋಮನ ಒಳಮನಸ್ಸನ್ನು ಅರಿಯಲು ನಾವು ದೇವನೂರ ಮಹಾದೇವರ ‘ಒಡಲಾಳ’ ಮತ್ತು ‘ಕುಸುಮಬಾಲೆ’ಯವರೆಗೆ ಬರಲೇಬೇಕು. ಆದರೆ ಸಂಕಪ್ಪಯ್ಯನ ಮನೆಯೊಳಗೆ ಏನು ನಡೆಯುತ್ತದೆಂದು ಕಾರಂತರು ಬಲ್ಲರು. ತಮ್ಮವರ ವಿರುದ್ಧವೇ ಅವರು ನುಡಿದ ಸಾಕ್ಷಿ ಇದು. ಅದರ ಬೆಲೆ ಅಲ್ಲಿದೆ.

ಕಾಲ ಬದಲಾಗಿದೆ, ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿದೆ, ಭೂಸುಧಾರಣೆಯೂ ಆಗಿದೆ ಎಂಬುದು ಇನ್ನೊಂದು ಆಕ್ಷೇಪ. ನಿಜ, ಮತ್ತು ಅದು ಸಣ್ಣ ಸಾಧನೆಯಲ್ಲ. ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯಿಂದ ಕರಾವಳಿಯಲ್ಲಿ ಎಷ್ಟೋ ಗೇಣಿದಾರರು ಭೂಮಿಯ ಒಡೆಯರಾದರು. ಚೋಮನಂಥವನು ಏನಾಗುತ್ತಿದ್ದ ಎಂದು ಯೋಚಿಸಿ ನೋಡಿ. ಗೇಣಿದಾರನಿಗೆ ತಾನು ಉಳುತ್ತಿದ್ದ ಗದ್ದೆಯ ಮೇಲೆ ಒಡೆತನ ಕೇಳಿ ಡಿಕ್ಲರೇಶನ್ ಹಾಕಲು ದಾರಿಯಿತ್ತು. ಗೇಣಿಗೇ ಗದ್ದೆ ಸಿಗದ ಮೂಲದಾಳು ಯಾವ ಗದ್ದೆಯ ಮೇಲೆ ಹಾಕಬೇಕಿತ್ತು? ಸಂಕಪ್ಪಯ್ಯ ಅಂದು ಸುಮ್ಮನಾದದ್ದರ ಫಲ, ಉಳುವವನಿಗೇ ಭೂಮಿ ಎಂಬ ಕಾನೂನು ಬಂದ ದಿನವೂ ಮೂಲದಾಳಿನ ಮಕ್ಕಳನ್ನು ಬರಿಗೈಯಲ್ಲೇ ನಿಲ್ಲಿಸಿತು.

ಓದುಗರಾದ ನಾವಾದರೂ ಚೋಮನ ಮಗಳು ಬೆಳ್ಳಿಗೆ ನ್ಯಾಯ ಸಲ್ಲಿಸಿದ್ದೇವೆಯೇ? ಅಪ್ಪನ ಸಾಲ ತೀರಿಸಲು ಕಾಫಿ ತೋಟಕ್ಕೆ ಹೋಗಿ ತನ್ನ ಮೈಯನ್ನೇ ತೆತ್ತವಳು ಅವಳು. ಅದನ್ನು ಕಣ್ಣಾರೆ ಕಂಡಾಗ ಚೋಮ ಅವಳನ್ನೇ ಹೊಡೆದ. ಚೋಮ ಬಾರಿಸುವ ದುಡಿಯ ಸದ್ದಿಗೆ ಕಣ್ಣೀರಿಡುವ ನಾವು ಅವಳ ಮೌನವನ್ನು ದಾಟಿಕೊಂಡು ಹೋಗುತ್ತೇವೆ.

ಈ ಪುಸ್ತಕವನ್ನು ಕಾಲೇಜಿನಲ್ಲಿ ಓದಿ ಮುಗಿಸಿದೆವೆಂದು ಕಪಾಟಿನಲ್ಲಿಟ್ಟವರು ದಯವಿಟ್ಟು ಮತ್ತೊಮ್ಮೆ ತೆಗೆಯಿರಿ. ತಾಯಿಯ ಮಾತಿಗೆ ಸಂಕಪ್ಪಯ್ಯ ಸುಮ್ಮನಾಗುವ ಆ ಪುಟದಲ್ಲಿ ಸ್ವಲ್ಪ ಹೊತ್ತು ನಿಲ್ಲಿ.