ಕರಾರು ಮೊದಲು, ಸಾಲ ಆಮೇಲೆ



ಸರಕು ಕೈಯಿಂದ ಕೈಗೆ ದಾಟಿದಷ್ಟೂ ಮೊದಲ ಕೈಗೆ ಸಿಕ್ಕುವ ಕಾಸು ಕಡಿಮೆ. ಗಿರಣಿಯಲ್ಲಿ ದುಡಿದು, ಅಂಗಡಿ ಇಟ್ಟು ಬದುಕುವ ನಮಗೆ ಇದು ಹೊಸತಲ್ಲ. ಚಿಂದಿ ಆಯುವವರ ಪಾಡೂ ಇದೇ. ಅವರು ಆಯ್ದ ರದ್ದಿ, ತಗಡು, ಪ್ಲಾಸ್ಟಿಕ್ಕು ಗುಜರಿ ಅಂಗಡಿ ದಾಟಿ, ಸಗಟು ವ್ಯಾಪಾರಿಯನ್ನು ದಾಟಿ ಕಾರ್ಖಾನೆ ಸೇರುತ್ತದೆ.

ಪುಣೆಯಲ್ಲಿ ಇಂಥವರು 1993ರಲ್ಲಿ ಸಂಘ ಕಟ್ಟಿದರು. 2008ರಲ್ಲಿ ಅವರದೇ ಸಹಕಾರಿ ಸಂಸ್ಥೆಯಾದ ‘ಸ್ವಚ್ಛ್’ ನಗರಪಾಲಿಕೆಯೊಡನೆ ಕರಾರು ಮಾಡಿಕೊಂಡಿತು. ಮನೆಮನೆಯ ಕಸ ಎತ್ತುವ ಕೆಲಸ, ಮನೆಯವರು ಕೊಡುವ ಶುಲ್ಕ, ಒಣಕಸ ಮಾರಿದ ಹಣ ಅವರದಾಯಿತು. ಬೆಂಗಳೂರಿನಲ್ಲಿಯೂ ಪಾಲಿಕೆ ಇವರಿಗೆ ಗುರುತಿನ ಚೀಟಿ ಕೊಟ್ಟು, ಹಲವು ವಾರ್ಡುಗಳ ಒಣಕಸ ಕೇಂದ್ರಗಳನ್ನು ಇವರ ಕೈಗೇ ಒಪ್ಪಿಸಿತು.

ನಮ್ಮ ನಗರಸಭೆಯನ್ನು ನಾವು ಕೇಳುವುದು ದಾನವಲ್ಲ. ಕಸ ವಿಂಗಡಿಸಲು, ಲೆಕ್ಕ ಬರೆಯಲು ತರಬೇತಿ ಬೇಕು. ತಕ್ಕಡಿಗೆ, ಷೆಡ್ಡಿಗೆ ಕಡಿಮೆ ಬಡ್ಡಿಯ ಸಾಲ ಬೇಕು. ಎಲ್ಲಕ್ಕೂ ಮೊದಲು ಬರಹದಲ್ಲಿ ಕರಾರು ಬೇಕು. ಅದಿಲ್ಲದಿದ್ದರೆ ನಾಳೆ ದೊಡ್ಡ ಗುತ್ತಿಗೆದಾರನೊಬ್ಬ ಬಂದು ಕಸದ ಜೊತೆಗೆ ಕೆಲಸವನ್ನೂ ಹೊತ್ತೊಯ್ದಾನು. ಇವರ ತಲೆಯ ಮೇಲೆ ಸಾಲವೊಂದೇ ಉಳಿದೀತು.

ಇವರು ಕರಾರು ಕೇಳಲು ನಗರಸಭೆಯ ಮೆಟ್ಟಿಲೇರುವ ದಿನ ಗಿರಣಿಯವರೂ ಅಂಗಡಿಯವರೂ ಜೊತೆಗೆ ಹೋಗೋಣ.