ಕೈಯಲ್ಲಿ ಕಾಸಿಲ್ಲದವರಿಗೂ ಒಂದು ಬೆಂಚು
(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ನಾನು ಆರ್ಕಿಟೆಕ್ಟ್ ಅಂತ ಗೊತ್ತಾದ ಕೂಡಲೇ ಅಡುಗೆಮನೆ ಯಾವ ಮೂಲೆಯಲ್ಲಿರಬೇಕು ಎಂದು ಕೇಳುವವರು ಇಲ್ಲೂ ಇದ್ದೀರಿ. ಅದಕ್ಕೆ ಕಾಫಿ ಹೊತ್ತಿನಲ್ಲಿ ಉತ್ತರಿಸುತ್ತೇನೆ. ಇವತ್ತಿನ ಮಾತು ನಾನು ಹೆಚ್ಚಾಗಿ ಕೆಲಸ ಮಾಡುವ ಕಟ್ಟಡಗಳದ್ದು: ವಿಶ್ವವಿದ್ಯಾಲಯದ ಆವರಣದಲ್ಲಿ ಜೀವವಿಜ್ಞಾನದ ಸ್ಟಾರ್ಟ್‌ಅಪ್‌ಗಳಿಗಾಗಿ ಕಟ್ಟುವ ಇನ್‌ಕ್ಯುಬೇಟರ್.

ದಿನ ತುಂಬುವ ಮೊದಲೇ ಹುಟ್ಟಿದ ಕೂಸನ್ನು ಆಸ್ಪತ್ರೆಯಲ್ಲಿ ಬೆಚ್ಚಗಿಡುವ ಪೆಟ್ಟಿಗೆಗೂ ಇದೇ ಹೆಸರು. ಕೆಲಸವೂ ಅದೇ. ಕಂಪನಿ ಚೇತರಿಸಿಕೊಳ್ಳುವವರೆಗೆ ಇಲ್ಲಿರುತ್ತದೆ, ಆಮೇಲೆ ಹೊರಡುತ್ತದೆ, ಇನ್ನೊಂದು ಬರುತ್ತದೆ.

ಕಿರಣ್ ಮಜುಂದಾರ್ ಷಾ ಅವರು 1978ರಲ್ಲಿ ಬೆಂಗಳೂರಿನ ಬಾಡಿಗೆ ಗ್ಯಾರೇಜೊಂದರಲ್ಲಿ, 10,000 ರೂಪಾಯಿ ಬಂಡವಾಳದಿಂದ ಬಯೋಕಾನ್ ಶುರು ಮಾಡಿದ ಕಥೆ ನಿಮಗೆಲ್ಲ ಗೊತ್ತು. ಪಪ್ಪಾಯಿಯಿಂದ ಕಿಣ್ವ ತೆಗೆಯುವ ಕೆಲಸ ಅದು. ಇವತ್ತು ಜೀವಕೋಶ ಬೆಳೆಸಿ ಔಷಧಿ ಹುಡುಕುವ ಹುಡುಗಿಗೆ ಗ್ಯಾರೇಜು ಸಾಲದು. ಸಾಫ್ಟ್‌ವೇರಿನವರಿಗೆ ಲ್ಯಾಪ್‌ಟಾಪ್ ಸಾಕು. ಇವಳಿಗೆ ಬಯೋಸೇಫ್ಟಿ ಕ್ಯಾಬಿನೆಟ್, ಆಟೋಕ್ಲೇವ್, ಸೆಂಟ್ರಿಫ್ಯೂಜ್, ಮೈನಸ್ 80 ಡಿಗ್ರಿ ಫ್ರೀಜರ್ ಎಲ್ಲವೂ ಬೇಕು. ಒಬ್ಬಳೇ ಕೊಳ್ಳಲಾಗದ್ದನ್ನು ಹತ್ತು ಜನ ಹಂಚಿಕೊಳ್ಳಲಿ ಎಂಬುದೇ ಇನ್‌ಕ್ಯುಬೇಟರಿನ ಲೆಕ್ಕಾಚಾರ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೊ ಕ್ಯಾಂಪಸ್ಸಿನಲ್ಲಿ 2006ರಲ್ಲಿ ಇಂಥ ಪುಟ್ಟ ಜಾಗ ತೆರೆದಾಗ ಅದಕ್ಕಿಟ್ಟ ಹೆಸರೇ 'ಗ್ಯಾರೇಜ್'. ನಮ್ಮಲ್ಲೂ ಪುಣೆಯ ಎನ್‌ಸಿಎಲ್ ಆವರಣದ ವೆಂಚರ್ ಸೆಂಟರ್, ಬೆಂಗಳೂರಿನ ಸಿ-ಕ್ಯಾಂಪ್, ಹೈದರಾಬಾದ್ ವಿಶ್ವವಿದ್ಯಾಲಯದ ಬಯೋನೆಸ್ಟ್ ಇದೇ ಕೆಲಸ ಮಾಡುತ್ತಿವೆ.

ಇಂಥ ಕಟ್ಟಡದ ವಿನ್ಯಾಸ ಶುರುವಾಗುವುದು ಗೋಡೆಯಿಂದಲ್ಲ, ಗಾಳಿಯಿಂದ. ಅಡುಗೆಮನೆಯ ಒಗ್ಗರಣೆ ಘಾಟು ಹಾಲಿಗೆ ಬರಬಾರದೆಂದು ನಾವು ಎಕ್ಸಾಸ್ಟ್ ಫ್ಯಾನ್ ಹಾಕುತ್ತೇವಲ್ಲ, ಹಾಗೆಯೇ ಸೂಕ್ಷ್ಮಾಣುಗಳಿರುವ ಕೋಣೆಯ ಗಾಳಿ ಕಾರಿಡಾರಿಗೆ ಬರದಂತೆ ಒಳಗಿನ ಒತ್ತಡವನ್ನು ಕಡಿಮೆ ಇಡುತ್ತೇವೆ. ಪ್ರಯೋಗಾಲಯದ ಗಾಳಿ ಸಾಮಾನ್ಯವಾಗಿ ಗಂಟೆಗೆ 6ರಿಂದ 12 ಸಲ ಬದಲಾಗಬೇಕು. ರಾಸಾಯನಿಕಗಳ ಹೊಗೆ ಬೆರೆತ ಗಾಳಿಯನ್ನು ತಿರುಗಿ ಬಳಸುವಂತಿಲ್ಲ. ನಮ್ಮ ಹೈದರಾಬಾದಿನ ಮೇ ತಿಂಗಳಲ್ಲಿ ದುಡ್ಡು ಕೊಟ್ಟು ತಂಪು ಮಾಡಿದ ಗಾಳಿಯನ್ನು ಹಾಗೇ ಹೊರಗೆ ಬಿಡಬೇಕು! ಈ ಗಾಳಿಯ ಕೊಳವೆಗಳಿಗೆ ಜಾಗ ಬೇಕಾದ್ದರಿಂದಲೇ ಮನೆಯ ಮಹಡಿ 3 ಮೀಟರ್ ಎತ್ತರವಿದ್ದರೆ ಇಲ್ಲಿ 4 ಮೀಟರಿಗೂ ಹೆಚ್ಚು.

ಎರಡನೆಯದು ದಾರಿ. ನಮ್ಮ ಅಜ್ಜಿಯರಿಗೆ ಮಡಿ-ಮೈಲಿಗೆ ಇದ್ದಂತೆ ಇಲ್ಲಿಯೂ ಶುದ್ಧ ಸಾಮಾನು ಬರುವ ದಾರಿ ಬೇರೆ, ಕಸ ಹೋಗುವ ದಾರಿ ಬೇರೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಹಳದಿ, ಕೆಂಪು, ಬಿಳಿ, ನೀಲಿ ಎಂದು ಕಸ ವಿಂಗಡಿಸಬೇಕು. ಸೂಕ್ಷ್ಮಾಣುಗಳಿರುವ ಕಸವನ್ನು ಕಟ್ಟಡದಲ್ಲೇ ನಿಷ್ಕ್ರಿಯಗೊಳಿಸಿ ಕಳಿಸಬೇಕು.

ಮೂರನೆಯದು ಕರೆಂಟು. ಒಬ್ಬಳು ಸಂಶೋಧಕಿಯ ಐದು ವರ್ಷದ ದುಡಿಮೆಯೆಲ್ಲ ಒಂದು ಫ್ರೀಜರಿನ ನಾಲ್ಕು ಡಬ್ಬಿಗಳಲ್ಲಿ ಇರಬಹುದು. ರಾತ್ರಿ ಕರೆಂಟು ಹೋಗಿ, ಜನರೇಟರ್ ಕೈಕೊಟ್ಟರೆ ಅವಳ ಕಂಪನಿಯೇ ಕರಗಿಹೋಗುತ್ತದೆ.

ಕಷ್ಟದ ಪ್ರಶ್ನೆ ಮಾತ್ರ ಬೇರೆ: ಯಾರಿಗಾಗಿ ಕಟ್ಟುತ್ತಿದ್ದೇವೆ? ಮುಂದಿನ ವರ್ಷ ಲಸಿಕೆಯವರು ಬರುತ್ತಾರೋ, ಮೀನಿನ ರೋಗ ಪತ್ತೆ ಮಾಡುವವರೋ ಯಾರಿಗೂ ತಿಳಿಯದು. ಅದಕ್ಕೇ ಸುಮಾರು 3.3 ಮೀಟರ್ ಅಗಲದ ಒಂದೇ ಅಳತೆಯ ಮಾಡ್ಯೂಲುಗಳು, ಚಕ್ರವಿರುವ ಬೆಂಚುಗಳು, ಚಾವಣಿಯಿಂದ ಇಳಿಯುವ ಗ್ಯಾಸ್ ಮತ್ತು ವಿದ್ಯುತ್ ಸಂಪರ್ಕಗಳು.

ನಾನು ಕೆಲಸ ಮಾಡಿದ ಒಂದು ಯೋಜನೆಯಲ್ಲಿ ಖರ್ಚು ಮಿತಿ ಮೀರಿತು. ಕತ್ತರಿ ಹಾಕುವ ಪಟ್ಟಿಯಲ್ಲಿ ಮೊದಲು ಬಂದದ್ದು ಎರಡನೇ ಜನರೇಟರ್. ಆಮೇಲೆ, ತಿಂಗಳ ಲೆಕ್ಕದಲ್ಲಿ ಒಂದೊಂದೇ ಬೆಂಚು ಬಾಡಿಗೆಗೆ ಕೊಡುವ ಹಾಲ್. ಅದನ್ನು ನಾಲ್ಕು ದೊಡ್ಡ ಕೋಣೆ ಮಾಡಿದರೆ ದೊಡ್ಡ ಕಂಪನಿಗಳಿಂದ ಖಚಿತ ಬಾಡಿಗೆ ಸಿಗುತ್ತದೆ ಎಂಬ ವಾದ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ದೊಡ್ಡ ಕೋಣೆ ಹಿಡಿಯುವ ಶಕ್ತಿ ಇರುವವರಿಗೆ ವಿಶ್ವವಿದ್ಯಾಲಯದ ಆಸರೆ ಯಾಕೆ ಬೇಕು? ಆಗಷ್ಟೇ ಪಿಎಚ್.ಡಿ. ಮುಗಿಸಿದವಳು, ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟು ಮತ್ತೆ ಶುರು ಮಾಡಬೇಕೆನ್ನುವವಳು ಎಲ್ಲಿಗೆ ಹೋಗಬೇಕು? ಮೂರು ಸಭೆಗಳಲ್ಲಿ ನಾನು ಇದನ್ನೇ ಕೇಳಿದೆ. ಕೊನೆಗೆ ಮುಂಭಾಗದ ಗಾಜಿನ ಗೋಡೆಯನ್ನು ಕೈಬಿಟ್ಟು ಬೆಂಚುಗಳನ್ನೂ ಜನರೇಟರನ್ನೂ ಉಳಿಸಿಕೊಂಡೆವು. ಫೋಟೋದಲ್ಲಿ ಆ ಕಟ್ಟಡ ಸಾಧಾರಣವಾಗಿ ಕಾಣುತ್ತದೆ. ನನಗೆ ಬೇಸರವಿಲ್ಲ.

ನಿಮ್ಮ ಮಗಳೋ ಸೊಸೆಯೋ ಇಂಥ ದಾರಿ ಹಿಡಿದರೆ, ಜಾಗ ನೋಡಲು ಹೋದಾಗ ನಾಲ್ಕು ಪ್ರಶ್ನೆ ಕೇಳಲು ಹೇಳಿ. ಒಂದೇ ಬೆಂಚನ್ನು ಒಂದೆರಡು ತಿಂಗಳಿಗೆ ಕೊಡುತ್ತೀರಾ? ಫ್ರೀಜರಿಗೆ ಬ್ಯಾಕಪ್ ಇದೆಯಾ, ತಾಪಮಾನ ಏರಿದರೆ ಅಲಾರಂ ಯಾರ ಫೋನಿಗೆ ಬರುತ್ತದೆ? ಕಸವನ್ನು ಯಾರು, ಯಾವ ದಾರಿಯಲ್ಲಿ ಒಯ್ಯುತ್ತಾರೆ? ರಾತ್ರಿ ಹನ್ನೊಂದಕ್ಕೆ ಪ್ರಯೋಗ ಮುಗಿದರೆ ಬಾಗಿಲಿನಿಂದ ಗೇಟಿನವರೆಗೆ ದೀಪ, ಕಾವಲು, ಮನೆಗೆ ಗಾಡಿ ಇದೆಯಾ?

ನಾಲ್ಕಕ್ಕೂ ನೆಟ್ಟಗೆ ಉತ್ತರ ಸಿಕ್ಕಿದರೆ ಕಟ್ಟಡ ಚೆನ್ನಾಗಿದೆ ಎಂದೇ ಅರ್ಥ.